ಹನ್ನೆರಡು ಹಸಿರು ಟಿಕ್ ಮಾರ್ಕು

ಮಾಲೂರಿನ ವೇಣುಗೋಪಾಲನ ಮೇಲೆ ಮುನಿಶಾಮಮ್ಮನಿಗಿದ್ದ ಸಿಟ್ಟೆಲ್ಲ ಒಂದೇ ಒಂದು ಮಾತಿನದು. ಕಬಡ್ಡಿ ಸಂಘದ ಮೀಟಿಂಗಿನಲ್ಲಿ ಅವನು ಎಲ್ಲರೆದುರು ಎದ್ದು ನಿಂತು, "ನಾಲ್ಕು ತಾಲ್ಲೂಕಿನ ರೆಫ್ರಿಗಳ ಪಟ್ಟಿ ಇನ್ನೂ ಒಬ್ಬ ಅಜ್ಜಿಯ ಬಾಯಲ್ಲೇ ಇದೆಯಲ್ಲ ಸ್ವಾಮಿ" ಎಂದಿದ್ದ. ಬಾಯಲ್ಲಿದ್ದದ್ದೇನೋ ನಿಜ. ಡ್ರಿಲ್ ಮೇಷ್ಟ್ರಾಗಿದ್ದ ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ, ಕೋಲಾರವಿರಲಿ ಶ್ರೀನಿವಾಸಪುರವಿರಲಿ, ಯಾವ ಅಂಗಳದಲ್ಲಿ ಯಾರು ವಿಷಲ್ ಊದಬೇಕೆಂದು ಗೊತ್ತುಮಾಡಿ ಫೋನಿನಲ್ಲಿ ಹೇಳುತ್ತಿದ್ದವಳು ವೇಮಗಲ್ಲಿನ ಈ ಮುನಿಶಾಮಮ್ಮನೇ. (ಅಕ್ಷರ ಕೂಡಿಸಿ ಓದುವುದು ಅವಳಿಗೆ ನಿಧಾನ, ಆದ್ದರಿಂದ ಹನ್ನೆರಡು ರೆಫ್ರಿಗಳ ನಂಬರೂ ಬಾಯಿಪಾಠ.) ಆದರೆ ಅಜ್ಜಿ ಎನ್ನುವುದೆ? ಅವನಿಗೇ ಐವತ್ತೊಂಬತ್ತು ತುಂಬಿದೆ.

ಸಂಘದವರು ಒಂದು ಸಾಫ್ಟ್‌ವೇರ್ ತರಿಸಿ ಪರೀಕ್ಷೆ ಇಟ್ಟರು. ಬರುವ ಭಾನುವಾರದ ಮೂರು ಪಂದ್ಯವನ್ನು ಅವಳು ಇದರಲ್ಲೇ ಸುಸೂತ್ರವಾಗಿ ನಡೆಸಿದರೆ ಪಟ್ಟಿ ಅವಳ ಕೈಯಲ್ಲೇ ಉಳಿಯುತ್ತದೆ. ರೆಫ್ರಿಯಿಲ್ಲದೆ ಒಂದು ಪಂದ್ಯ ನಿಂತರೂ ಸಿಂಹಾಸನ ವೇಣುಗೋಪಾಲನಿಗೆ.

ಮುನಿಶಾಮಮ್ಮನಿಗೆ ಹೆದರಿಕೆಯಾಗಬೇಕಿತ್ತು, ಆದದ್ದು ಹಬ್ಬದ ಹಿಂದಿನ ದಿನದಂಥ ಹಿಗ್ಗು. ಸೊಸೆ ಪವಿತ್ರ ಸ್ಕೂಲಿನಿಂದ ತಂದಿದ್ದ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಡಲು ಹೋಗಿ, ಸೊಸೆಯಿಂದ ಬೈಸಿಕೊಂಡು, ಪಕ್ಕದ ಗೋಡೆಗೆ ಇಟ್ಟಳು. ಪವಿತ್ರ ತವರಿಗೆ ಹೊರಡುವ ಮುಂಚೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಐದು ಸಾಲು ಬರೆದುಕೊಟ್ಟಳು.

"ನೋಡಿ ಅತ್ತೆ, ಡ್ರಾಫ್ಟ್ ಅಂದ್ರೆ ಮನೇಲಿ ನಾವು ನಾವೇ ಮಾತಾಡ್ಕೊಂಡ ಹಾಗೆ. ಪಬ್ಲಿಷ್ ಅಂದ್ರೆ ಲಗ್ನಪತ್ರಿಕೆ ಓದಿಸಿದ ಹಾಗೆ, ಎಲ್ಲರ ಫೋನಿಗೂ ಹೋಗುತ್ತೆ. ಓದಿಸೋವರೆಗೂ ಯಾರನ್ನ ಬೇಕಾದ್ರೂ ಬದಲಾಯಿಸಬೌದು."

"ಯಾರಿಗೂ ಗೊತ್ತಾಗಲ್ವಾ?"

"ಯಾರಿಗೂ."

ಈ ಮಾತು ಕೇಳಿ ಮುನಿಶಾಮಮ್ಮನ ಮುಖ ಅರಳಿದ್ದನ್ನು ಬಸ್ಸಿನ ಅವಸರದಲ್ಲಿದ್ದ ಪವಿತ್ರ ಗಮನಿಸಲಿಲ್ಲ.

ಬುಧವಾರವೆಲ್ಲ ಕೂತಳು. ಗುರುವಾರವೂ ಕೂತಳು. ಒಂದೊಂದು ಅಕ್ಷರವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ಒತ್ತಿದಳು. ಪಂದ್ಯಕ್ಕೆ ರೆಫ್ರಿ, ಅಂಕ ಬರೆಯುವವನು ಎಲ್ಲ ಸೇರಿ ನಾಲ್ವರಂತೆ ಹನ್ನೆರಡು ಹೆಸರು. ಮುಳಬಾಗಿಲಿನ ಫೈನಲ್, ಹತ್ತು ಗಂಟೆಗೆ: ರೆಫ್ರಿ ಶ್ರೀನಿವಾಸಪ್ಪ, ಸಾಧು ಮನುಷ್ಯ. ಮಾಸ್ತಿಯಲ್ಲಿ ಹೆಣ್ಣುಮಕ್ಕಳ ಪಂದ್ಯ, ಹನ್ನೊಂದಕ್ಕೆ: ಆಂಜಿ. ಕುರುಡುಮಲೆಯಲ್ಲಿ ಚಿಕ್ಕ ಮಕ್ಕಳ ಪಂದ್ಯ, ಎರಡು ಗಂಟೆಯ ರಣರಣ ಬಿಸಿಲಿಗೆ, ಅಲ್ಲಿ ವೇಣುಗೋಪಾಲ. ರೆಫ್ರಿ ಎಂದು ಹಾಕಿದಳೆ? ಇಲ್ಲ. ಅಂಕ ಬರೆಯುವವನು ಎಂದು ಹಾಕಿದಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತು, ಎದ್ದು ಹೋಗಿ ತಣ್ಣಗೆ ಒಂದು ಲೋಟ ಮಜ್ಜಿಗೆ ಕುಡಿದು ಬಂದಳು.

ನಾಲ್ಕು ಸಾಲು ಮುಗಿದಾಗ ಗಡಿಯಾರದಲ್ಲಿ ಒಂದು ಇಪ್ಪತ್ತೆಂಟು. ಐದನೆಯ ಸಾಲು, ಪಬ್ಲಿಷ್ ಒತ್ತುವುದು. ಆದರೆ ಗುರುವಾರ ಒಂದೂವರೆಗೆ ರಾಹುಕಾಲ ಹಿಡಿಯುತ್ತದೆ. ಲಗ್ನಪತ್ರಿಕೆಯಂಥದ್ದನ್ನು ಎರಡು ನಿಮಿಷದ ಅಂಚಿನಲ್ಲಿ ಯಾರಾದರೂ ಓದಿಸುತ್ತಾರೆಯೆ? ಲ್ಯಾಪ್‌ಟಾಪನ್ನು ತೆರೆದೇ ಬಿಟ್ಟು ಹಸುವಿಗೆ ಹುಲ್ಲು ಹಾಕಲು ಹೋದಳು. ಮೂರು ಹೊಡೆದ ಮೇಲೆ ಬಂದು ನೋಡಿದರೆ, ಹನ್ನೆರಡು ಹೆಸರಿನ ಮುಂದೆಯೂ ಒಂದೊಂದು ಹಸಿರು ಟಿಕ್ ಮಾರ್ಕು! ತಾನು ಹಟ್ಟಿಯಲ್ಲಿದ್ದಾಗ ಯಂತ್ರ ರಾಹುಕಾಲ ಕಳೆದ ಕೂಡಲೇ ತಾನಾಗಿ ಕಳಿಸಿದೆ, ಹನ್ನೆರಡು ಗಂಡಸರೂ ತುಟಿಪಿಟಿಕ್ಕೆನ್ನದೆ ಒಪ್ಪಿದ್ದಾರೆ. ಮುನಿಶಾಮಮ್ಮ ಪರದೆಗೆ ದೃಷ್ಟಿ ನಿವಾಳಿಸಿದಳು.

ಅನುಮಾನವೇನಾದರೂ ಉಳಿದಿದ್ದರೆ ಅದನ್ನು ಅಳಿಸಿದ್ದು ಮೂರು ದಿನದ ಮೌನ. ಮೊದಲೆಲ್ಲ ಪಟ್ಟಿ ಹೇಳಿದ ಗಳಿಗೆಯಿಂದ ಫೋನು ಬಡಕೊಳ್ಳುತ್ತಿತ್ತು. ಒಬ್ಬನಿಗೆ ಬೆಳಿಗ್ಗೆ ಆಗದು, ಇನ್ನೊಬ್ಬನಿಗೆ ಜೊತೆಯವನನ್ನು ಕಂಡರೆ ಆಗದು. ಆಂಜಿಗಂತೂ ಅತ್ತೆ ಮನೆ ಮಾಸ್ತಿಯಲ್ಲಿರುವುದರಿಂದ ಮಾಸ್ತಿಯೇ ಆಗದು. ಈಗ ಒಂದು ಕರೆಯೂ ಇಲ್ಲ. ಶನಿವಾರ ಹಾಲಿನ ಡೈರಿಯಲ್ಲಿ ಆಂಜಿಯೇ ಎದುರಾದ. "ಏನ್ಲಾ ಆಂಜಿ, ಎಲ್ಲಾ ಸರೀನಾ?" ಎಂದು ಕೆಣಕಿದರೆ, ಎಲ್ಲಾ ಸರಿ ಅಕ್ಕಾ ಎಂದು ನಕ್ಕು ಕ್ಯಾನು ಎತ್ತಿಕೊಂಡು ಹೋದ. ಕಂಪ್ಯೂಟರಿಗೆ ಗಂಡಸರು ಇಷ್ಟು ಹೆದರುತ್ತಾರೆಂದು ಗೊತ್ತಿದ್ದರೆ ಗಂಡ ಇದ್ದಾಗಲೇ ಒಂದು ತರಿಸಬಹುದಿತ್ತು. ಅಂದೇ ಒಬ್ಬಟ್ಟಿಗೆ ಬೇಳೆ ಬೇಯಿಸಿದಳು.

ಭಾನುವಾರ ಒಂಬತ್ತಕ್ಕೆ ಮುಳಬಾಗಿಲಿನಿಂದ ಫೋನು. ಫೈನಲ್ ಏರ್ಪಡಿಸಿದ್ದ ಸಾದಿಕ್. "ಅಮ್ಮಾ, ಎರಡು ಟೀಮೂ ಬಂದಿದೆ, ಜನ ಬಂದವ್ರೆ, ಮೈಕೂ ಬಂತು. ವಿಷಲ್ ಊದೋರು ಎಲ್ಲಮ್ಮ?"

ಶ್ರೀನಿವಾಸಪ್ಪನಿಗೆ ಫೋನು ಮಾಡಿದರೆ ಅವನು ಮೊಮ್ಮಗಳ ಮುಡಿ ಕೊಡಿಸಲು ಯಾವುದೋ ಬೆಟ್ಟದ ಮೇಲೆ ಸಾಲಿನಲ್ಲಿ ನಿಂತಿದ್ದ. "ಯಾವ ಫೈನಲ್ಲು?" ಎಂದು ಕೇಳಿದ. ಮುನಿಶಾಮಮ್ಮ ತಿನ್ನುತ್ತಿದ್ದ ಒಬ್ಬಟ್ಟನ್ನು ತಟ್ಟೆಗೆ ಹಾಕಿದಳು. ಸೊಸೆಗೆ ಫೋನು ಮಾಡಿದಳು.

"ಅಯ್ಯೋ ಅತ್ತೆ, ಆ ಹಸಿರು ಟಿಕ್ಕು ಒಬ್ಬನ್ನೇ ಎರಡು ಕಡೆ ಹಾಕಿಲ್ಲ ಅಂತ ಅಷ್ಟೆ. ಐದನೇ ಸಾಲು ಮಾಡಿದ್ರಾ? ಇಲ್ಲಾಂದ್ರೆ ನಿಮ್ಮನ್ನ ಬಿಟ್ಟು ಅದು ಯಾರಿಗೂ ಕಂಡೇ ಇಲ್ಲ."

ಮುಂದಿನ ಇಪ್ಪತ್ತು ನಿಮಿಷ ಮುನಿಶಾಮಮ್ಮನ ಬಾಯಿಪಾಠ ಬಿರುಗಾಳಿಯಂತೆ ಓಡಿತು. ಆಂಜಿಗೆ ಅತ್ತೆ ಮನೆಯ ನೆಪ ತೆಗೆಯಲೂ ಬಿಡದೆ ಇನ್ನಿಬ್ಬರ ಜೊತೆ ಮಾಸ್ತಿಗೆ ಬೈಕು ಹತ್ತಿಸಿದಳು. ಕುರುಡುಮಲೆಗೆ ನಾಲ್ವರನ್ನು ಹೊರಡಿಸಿದಳು. ಫೈನಲ್ಲಿಗೆ ಅಕ್ಕಪಕ್ಕದ ಮೂವರು ಸಿಕ್ಕರು. ಆದರೆ ಫೈನಲ್ ನಡೆಸುವಂಥ ರೆಫ್ರಿ, ಅರ್ಧ ಗಂಟೆಯೊಳಗೆ ಮುಳಬಾಗಿಲು ಮುಟ್ಟುವಂಥವನು, ನಾಲ್ಕು ತಾಲ್ಲೂಕಿನಲ್ಲಿ ಒಬ್ಬನೇ. ಅವನು ಪ್ರತಿ ಭಾನುವಾರ ಮುಳಬಾಗಿಲಿನಲ್ಲಿ ಹೆಂಡತಿಯ ತವರಿನಲ್ಲಿ ಇಡ್ಲಿ ತಿನ್ನುತ್ತಿರುತ್ತಾನೆ.

ಮುನಿಶಾಮಮ್ಮ ಕಣ್ಣು ಮುಚ್ಚಿ ನಂಬರ್ ಒತ್ತಿದಳು.

"ವೇಣು, ಇವತ್ತಿನ ಫೈನಲ್ ನಿಂದೇ ಕಣಪ್ಪ. ಮೊದಲಿನಿಂದಲೂ ನಿನ್ನ ಹೆಸರೇ ಬರೆದಿದ್ದೆ. ಖುದ್ದಾಗಿ ಹೇಳೋಣ ಅಂತ ಇಟ್ಕೊಂಡಿದ್ದೆ."

ಆ ಕಡೆ ಇಡ್ಲಿ ನುಂಗುವ ಸದ್ದು ನಿಂತಿತು. "ಅಕ್ಕಾ," ಎಂದ ವೇಣುಗೋಪಾಲ, "ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಫೈನಲ್ ಕೊಟ್ಟಿರಲಿಲ್ಲ. ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಅಕ್ಕಾ."

ಭಾಮೈದನ ಪ್ಯಾಂಟು ಹಾಕಿಕೊಂಡು ಓಡಿದನಂತೆ. ಹತ್ತಕ್ಕೆ ಸರಿಯಾಗಿ ವಿಷಲ್ ಕೇಳಿಸಿತೆಂದು ಸಾದಿಕ್ ಹೇಳಿದ. ಮಾಸ್ತಿಯೂ ಮುಗಿಯಿತು, ಕುರುಡುಮಲೆಯೂ ಮುಗಿಯಿತು. ನಾಲ್ಕಕ್ಕೆ ಸಂಘದಿಂದ ಕರೆ ಬಂತು. ಪಟ್ಟಿ ಅಕ್ಕನ ಕೈಯಲ್ಲೇ ಇರಲಿ, ಅವರಂಥ ದೊಡ್ಡ ಮನಸ್ಸು ಯಾರಿಗಿದೆ ಎಂದು ವೇಣುಗೋಪಾಲನೇ ಹೇಳಿದ್ದಾನಂತೆ. ಸಂಜೆ ಬಸ್ಸಿಳಿದು ಬಂದ ಪವಿತ್ರಳಿಗೆ ಮುನಿಶಾಮಮ್ಮ ಇದನ್ನು ಮೂರು ಸಲ ಹೇಳಿದಳು. ಪವಿತ್ರ ಲ್ಯಾಪ್‌ಟಾಪ್ ನೋಡಿ, ಇದು ಡ್ರಾಫ್ಟಲ್ಲೇ ಇದೆ, ಹಾಗೇ ಬಿಡಿ, ಆಮೇಲೆ ಅಳಿಸ್ತೀನಿ ಎಂದು ಮುಖ ತೊಳೆಯಲು ಹೋದಳು.

ಹಾಗೇ ಬಿಡುವುದೆ? ಐದು ಸಾಲಿನ ಕೆಲಸದಲ್ಲಿ ನಾಲ್ಕು ಮಾಡಿ ಒಂದನ್ನು ಉಳಿಸುವುದು ಮುನಿಶಾಮಮ್ಮನ ಜಾಯಮಾನವೇ ಅಲ್ಲ. ಪಂದ್ಯಗಳು ಮುಗಿದುಹೋಗಿದ್ದವಲ್ಲ, ಇನ್ನು ಒತ್ತಿದರೆ ಯಾರಿಗೇನು ನಷ್ಟ? ಭಾನುವಾರದ ರಾಹುಕಾಲ ಆರಕ್ಕೆ ಬಿಡುತ್ತದೆ. ಆರು ಐದರವರೆಗೆ ತಾಳ್ಮೆಯಿಂದ ಕಾದು, ಅಕ್ಷರ ಕೂಡಿಸಿ ಓದಿ, ಪಬ್ಲಿಷ್ ಒತ್ತಿದಳು.

ಮೊದಲು ಬಂದದ್ದು ಆಂಜಿಯ ಕರೆ: ಯಾವ ಕಾರಣಕ್ಕೂ ತನಗೆ ಮಾಸ್ತಿಗೆ ಹೋಗಲಾಗುವುದಿಲ್ಲವೆಂದು. (ಮಾತಾಡುತ್ತಿದ್ದದ್ದು ಮಾಸ್ತಿಯಿಂದ, ಅತ್ತೆ ಮನೆಯ ಜಗುಲಿಯಿಂದ.) ಮುನಿಶಾಮಮ್ಮನಿಗೆ ನಗು ತಡೆಯಲಾಗಲಿಲ್ಲ. ಫೋನು ಮತ್ತೆ ಬಡಕೊಂಡಾಗಲೂ ಆ ನಗು ಮುಖದ ಮೇಲೇ ಇತ್ತು.

"ಅಕ್ಕಾ," ಎಂದ ವೇಣುಗೋಪಾಲ, "ಈಗೊಂದು ಮೆಸೇಜ್ ಬಂತು. ಕುರುಡುಮಲೆ, ಚಿಕ್ಕ ಮಕ್ಕಳ ಪಂದ್ಯ, ಅಂಕ ಬರೆಯೋದು ವೇಣುಗೋಪಾಲ ಅಂತ. ಫೈನಲ್‌ಗೆ ಮೊದಲಿನಿಂದಲೂ ನನ್ನ ಹೆಸರೇ ಅಂದ್ರಲ್ಲ?"

ಮುನಿಶಾಮಮ್ಮ ಗಡಿಯಾರ ನೋಡಿದಳು. "ಅದು ರಾಹುಕಾಲದಲ್ಲಿ ಬರೆದದ್ದಪ್ಪಾ. ಲೆಕ್ಕಕ್ಕಿಲ್ಲ."

"ಬರೆದದ್ದು ಗುರುವಾರ ಒಂದು ಇಪ್ಪತ್ತೆಂಟಕ್ಕೆ ಅಂತ ಇದೆ ಅಕ್ಕಾ. ರಾಹುಕಾಲ ಹಿಡಿಯೋದು ಒಂದೂವರೆಗೆ."

ಮುಖ ಒರೆಸಿಕೊಳ್ಳುತ್ತಾ ಬಂದ ಪವಿತ್ರ ನೋಡಿದಾಗ, ಅತ್ತೆ ಫೋನನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡು ಕ್ಯಾಲೆಂಡರನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದಳು.

"ಪವಿತ್ರಾ, ಪಬ್ಲಿಷ್ ಆಗಿದ್ದನ್ನ ವಾಪಸ್ ಡ್ರಾಫ್ಟ್ ಮಾಡೋದು ಎಷ್ಟನೇ ಸಾಲಲ್ಲಿ ಬರೆದಿದೀಯೇ?"