ಎರಡು ಗೀಟಿನ ಸೇತುವೆ

ಕಾಲು ಇಂಚು ಉದ್ದದ ಎರಡು ಗೀಟುಗಳು ಒಬ್ಬ ಮನುಷ್ಯನ ನಿದ್ದೆ ಕೆಡಿಸಬಲ್ಲವೆಂದು ಸರ್ವೆ ಕಚೇರಿಯ ನಕ್ಷೆಗಾರರಿಗೆ ಗೊತ್ತಾದದ್ದು ಐವತ್ತಾರನೆಯ ವಯಸ್ಸಿನಲ್ಲಿ. ದೊಡ್ಡ ಸಾಹೇಬರು ಸೋಮವಾರ ನಲವತ್ತೆರಡನೇ ಹಾಳೆಯ ನಕ್ಷೆ ಹಿಡಿದು ಕಡಲತೀರದ ಹಳ್ಳಿಗಳನ್ನು ಜೀಪಿನಲ್ಲಿ ಸುತ್ತುತ್ತಾರೆ, ಗೀಟಿಗೆ ಗೀಟು ತಾಳೆ ನೋಡುತ್ತಾರೆ ಎಂಬ ಸುತ್ತೋಲೆ ಶನಿವಾರ ಸಂಜೆ ಬಂತು. ಹದಿನಾಲ್ಕು ವರ್ಷಗಳ ಹಿಂದೆ ಆ ಹಾಳೆಗೆ ಶಾಯಿ ಹಾಕಿದವರು ಇವರೇ. ಯಾವುದಕ್ಕೂ ಇರಲೆಂದು ಹಳೆಯ ಅಳತೆ ಪುಸ್ತಕ ತೆಗೆದು ನೋಡಿದರು. ಅಳತೆಗೆ ಹೋದವನು ಹೊಳೆಯ ಮೇಲೆ ಚುಕ್ಕಿಗಳನ್ನಿಟ್ಟಿದ್ದ. ಅಂದರೆ ದೋಣಿಯಲ್ಲಿ ದಾಟುವ ಜಾಗ. ನಕ್ಷೆಯಲ್ಲಿ ಇವರು ಎಳೆದದ್ದು ಎರಡು ಗೀಟು; ಅಂದರೆ ಸೇತುವೆ.

ನಕ್ಷೆಗಾರರ ಕಣ್ಣ ಮುಂದೆ ಜೀಪು, ಸಾಹೇಬರು, ಸಾಹೇಬರ ಟೋಪಿ, ಎಲ್ಲವೂ ಅದೇ ಕ್ರಮದಲ್ಲಿ ನೀರಿಗಿಳಿದವು. ಕೊನೆಗೆ ಟೋಪಿಯೊಂದೇ ತೇಲಿತು. ಅದರ ಹಿಂದೆ ಇವರ ಪಿಂಚಣಿ ಮುಳುಗಿತು. ನಿವೃತ್ತಿಗೆ ಇನ್ನು ಎರಡೇ ವರ್ಷ.

"ಇಲ್ಲಿ ಕೂತು ಉಗುರು ಕಚ್ಚಿದ್ರೆ ಸೇತುವೆ ಹುಟ್ಟುತ್ತಾ? ಹೋಗಿ ನೋಡ್ಕೊಂಡು ಬನ್ನಿ," ಎಂದರು ಹೆಂಡತಿ.

ಇಲ್ಲದ ಸೇತುವೆಯನ್ನು ಹೋಗಿ ನೋಡುವುದು ಹೇಗೆಂದು ಇವರು ಕೇಳಿದರು. ಆಕೆ ಉತ್ತರದ ಬದಲು ಒಂದು ಹಲಗೆ ಕೊಟ್ಟರು. 'ಸೇತುವೆ ದುರಸ್ತಿಯಲ್ಲಿದೆ, ವಾಹನಗಳಿಗೆ ಪ್ರವೇಶವಿಲ್ಲ' ಎಂದು ಅದರ ಮೇಲೆ ಇವರಿಂದಲೇ ಬರೆಸಿದರು. ಹೊಳೆಗೆ ಒಂದು ಫರ್ಲಾಂಗ್ ಈಚೆಗೆ ಅದನ್ನು ನೆಟ್ಟುಬಂದರೆ ಜೀಪು ಅಲ್ಲಿಂದಲೇ ತಿರುಗುತ್ತದೆ. ನಕ್ಷೆಗಾರರು ಇಡೀ ನೌಕರಿಯಲ್ಲಿ ಅಷ್ಟು ದುಂಡಾದ ಅಕ್ಷರ ಬರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವಮೈದುನನ ಪುಟ್ಟ ಮೋಟಾರ್‌ಸೈಕಲ್ಲನ್ನು ಕಡ ತಂದದ್ದಾಯಿತು. "ಮೂವತ್ತರ ಮೇಲೆ ಓಡಿಸ್ಬೇಡಿ ಭಾವ, ಅದಕ್ಕೆ ಇಷ್ಟ ಆಗಲ್ಲ," ಎಂದು ಅವನು ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವವನ ದನಿಯಲ್ಲಿ ಹೇಳಿದ. ನಕ್ಷೆಗಾರರು ಎತ್ತರದ ಆಳು. ಏರಿ ಕೂತರೆ ಮೊಣಕಾಲು ಎದೆಗೆ ತಾಗುತ್ತಿತ್ತು. ದೂರದಿಂದ ನೋಡಿದವರಿಗೆ ಅವರೇ ಗಾಡಿಯನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತಿರುವಂತೆ ಕಾಣುತ್ತಿತ್ತು.

ಊರು ದಾಟಿದ ಮೇಲೆ ಒಂದು ಗಂಟೆ ಅವರು ಸೇತುವೆಯನ್ನೇ ಮರೆತರು. ತಾವು ಬರೀ ಗೀಟಿನಲ್ಲಿ ಕಂಡಿದ್ದ ಸೀಮೆ ಎರಡೂ ಬದಿಗೆ ಬಿಚ್ಚಿಕೊಳ್ಳುತ್ತಿತ್ತು. ನಕ್ಷೆಯಲ್ಲಿ ತಾವು ಸಾಲಾಗಿ ನೆಟ್ಟಿದ್ದ ತೆಂಗಿನ ಮರಗಳು ಇಲ್ಲಿ ಮನಸ್ಸಿಗೆ ಬಂದ ಕಡೆ ವಾಲಿಕೊಂಡಿದ್ದವು. ಉಪ್ಪಿನ ಗದ್ದೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕಡಲನ್ನಂತೂ ಅವರು ಇಷ್ಟು ವರ್ಷ ಖಾಲಿ ಜಾಗವೆಂದು ಬಿಳಿ ಬಿಟ್ಟಿದ್ದರು. ಅದಕ್ಕೆ ಅಷ್ಟೊಂದು ಕೆಲಸವಿರುತ್ತದೆಂದು ಗೊತ್ತಿರಲಿಲ್ಲ.

ಬೆನ್ನಿಗೆ ಕಟ್ಟಿದ್ದ ಹಲಗೆಯನ್ನು ಹಿಂದೆ ಬಂದವರೆಲ್ಲ ಓದುತ್ತಾರೆಂಬುದು ಅವರಿಗೆ ಹೊಳೆದದ್ದು ತಡವಾಗಿ. ಮೊದಲು ಒಬ್ಬ ಬಸ್ಸಿನ ಡ್ರೈವರು ಓದಿದ, ಬಸ್ಸು ನಿಲ್ಲಿಸಿ ಪ್ರಯಾಣಿಕರನ್ನೆಲ್ಲ ಇಳಿಸಿದ. ಇಳಿದವರು, ಎಲ್ಲ ಹೊಳೆಯ ಕಡೆಯ ಊರಿನವರೇ, ಇವರ ಹಿಂದೆ ನಡೆದುಕೊಂಡು ಹೊರಟರು. ಮೂವತ್ತನ್ನು ದಾಟದ ಗಾಡಿ ಏರಿನಲ್ಲಿ ಐದಕ್ಕಿಳಿಯುತ್ತಿದ್ದುದರಿಂದ ನಡೆಯುವವರಿಗೆ ತ್ರಾಸವಾಗಲಿಲ್ಲ. ಮುಂದೆ ಮೀನು ಮಾರುವ ಹೆಂಗಸೊಬ್ಬಳು ಅಡ್ಡ ನಿಂತಳು. ಬೆನ್ನ ಹಿಂದೆ ಸುತ್ತಿಬಂದು ಹಲಗೆ ಓದಿದಳು. ಅಪ್ಪಣೆ ಕೇಳದೆ ಬುಟ್ಟಿ ಸಮೇತ ಹಿಂದೆ ಏರಿ ಕೂತಳು.

"ನಡೀರಿ," ಎಂದಳು. "ಇದನ್ನ ನಮ್ಮೂರ ಮೇಷ್ಟ್ರ ಎದುರಿಗೇ ಮಾತಾಡೋಣ."

"ಏನನ್ನಮ್ಮಾ?"

"ಅಲ್ಲೇ ಗೊತ್ತಾಗುತ್ತೆ."

ಇಬ್ಬರ ಭಾರಕ್ಕೆ ಗಾಡಿ ಮರಳಿನಲ್ಲಿ ಹೂತುಕೊಂಡು, ನೆಂಟರ ಮನೆಯಲ್ಲಿ ಕೂತ ಹಾಗೆ ಏಳಲೊಲ್ಲೆನೆಂದಿತು. ಬಸ್ಸಿನವರು ಬಂದು ಮುಟ್ಟಿ, ಹಿಂದಿನಿಂದ ತಳ್ಳಿದರು. ಹೆಂಗಸು ಇಳಿಯಲಿಲ್ಲ, ಇಳಿದರೆ ಇವರು ಓಡಿಹೋಗಬಹುದೆಂದು ಅವಳಿಗೆ ಗುಮಾನಿ. ಹೀಗೆ ನಲವತ್ತು ಜನರ ಮುಂದಾಳಾಗಿ, ಬೆವರು ಮತ್ತು ಮೀನಿನ ನೀರಿನಲ್ಲಿ ಮಿಂದು, ನಕ್ಷೆಗಾರರು ಹೊಳೆಯ ದಂಡೆಗೆ ಬಂದು ತಲೆಯೆತ್ತಿ ನೋಡಿದರು.

ಸೇತುವೆ ಇತ್ತು.

ಕಲ್ಲಿನ ಕಂಬ, ಅದರ ಮೇಲೆ ತೆಂಗಿನ ದಿಮ್ಮಿ, ದಿಮ್ಮಿಯ ಮೇಲೆ ಹಲಗೆ. ಅವರು ಗೀಟೆಳೆದ ಜಾಗದಲ್ಲೇ, ಅವರ ಗೀಟಿನಂತೆಯೇ ತುಸು ಎಡಕ್ಕೆ ಸೊಟ್ಟಗೆ. ನಕ್ಷೆಗಾರರು ಅದರ ಮೇಲೆಯೇ ಕೂತುಬಿಟ್ಟರು. ಅಂಗೈಯಿಂದ ತಟ್ಟಿ ನೋಡಿದರು. ಜೀಪು ಹೋಗುತ್ತದೆಯೇ ಎಂದು ಕೇಳಿದ್ದಕ್ಕೆ, ತೆಂಗಿನಕಾಯಿಯ ಲಾರಿಯೇ ಹೋಗುತ್ತದೆ ಎಂದರು ಜನ. ಹದಿನಾರು ಗಂಟೆಯಿಂದ ಕಟ್ಟಿದ್ದ ಉಸಿರು ಆಗ ಹೊರಬಂತು.

ಜನರ ಉಸಿರು ಮಾತ್ರ ಬಿಸಿಯಾಗಿಯೇ ಇತ್ತು. ಗಟ್ಟಿಮುಟ್ಟಾದ ಸೇತುವೆಗೆ ದುರಸ್ತಿ ಹಲಗೆ ತಂದ ಈ ಮನುಷ್ಯ ಯಾರು? ನಿವೃತ್ತ ಮೇಷ್ಟ್ರು ಕಂಕುಳಲ್ಲಿ ಒಂದು ಫೈಲು ಹಿಡಿದುಕೊಂಡು ಬಂದರು. ಅವರ ಕನ್ನಡಕದ ಎದುರು ನಕ್ಷೆಗಾರರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಾನು ಸರ್ವೆ ಕಚೇರಿಯವನು. ಇಲ್ಲಿಯ ನಕ್ಷೆ ಬರೆದವನು."

ಗುಂಪು ತಣ್ಣಗಾಯಿತು. ಮೇಷ್ಟ್ರು ನಿಧಾನವಾಗಿ ಫೈಲು ಬಿಚ್ಚಿದರು. ಸೇತುವೆ ಬೇಕೆಂದು ಊರಿನವರು ಒಂಬತ್ತು ಸಲ ಅರ್ಜಿ ಕೊಟ್ಟಿದ್ದರು. ಒಂಬತ್ತು ಸಲವೂ ಒಂದೇ ಉತ್ತರ: ನಕ್ಷೆಯ ಪ್ರಕಾರ ಸದರಿ ಸ್ಥಳದಲ್ಲಿ ಈಗಾಗಲೇ ಸೇತುವೆ ಇರುವುದರಿಂದ ಮನವಿಯನ್ನು ಪರಿಗಣಿಸಲಾಗದು. ಕೆಳಗೆ 'ನಕ್ಷೆಯೊಂದಿಗೆ ತಾಳೆ ನೋಡಲಾಗಿದೆ' ಎಂಬ ಷರಾ, ಅದರ ಕೆಳಗೆ ನಕ್ಷೆಗಾರರ ಸ್ವಂತ ಸಹಿ.

"ಸರ್ಕಾರಿ ಕಾಗದ ಸುಳ್ಳಾಗಬಾರದಲ್ಲ," ಎಂದರು ಮೇಷ್ಟ್ರು. "ನಾವೇ ಕಟ್ಟಿದ್ವಿ. ನಿಮ್ಮನ್ನೊಂದು ಮಾತು ಕೇಳ್ಬೇಕು ಅಂತಿದ್ದೆ. ಇನ್ಮುಂದೆ ಸ್ವಲ್ಪ ಕೈ ಬಿಗಿ ಹಿಡಿದು ಬರೀರಿ. ನೀವು ಒಂದು ಗೀಟು ಎಳೆದ್ರೆ ನಮಗೆ ಮೂರು ವರ್ಷದ ಕೆಲಸ."

ಹಲಗೆಯನ್ನು ಇಸಿದುಕೊಂಡು, ಚೆನ್ನಾಗಿದೆಯೆಂದು ಮೆಚ್ಚಿ, ಅಕ್ಷರ ಕೆಳಗೆ ಮಾಡಿ ಸೇತುವೆಯ ಸವೆದ ಜಾಗಕ್ಕೆ ಮೊಳೆ ಹೊಡೆದರು. ನಕ್ಷೆಗಾರರು ಹೊರಡಲು ಎದ್ದರು. ಮೇಷ್ಟ್ರು ತೋಳು ಹಿಡಿದರು.

"ಇನ್ನೊಂದು ಇದೆ. ಬನ್ನಿ."

ಕಡಲ ಕಡೆಯ ಗುಡ್ಡದ ಮೇಲೆ ದುಂಡಗಿನ ಕಲ್ಲಿನ ಗೋಡೆಯೊಂದು ಹದಿನೈದು ಅಡಿ ಎದ್ದು ನಿಂತಿತ್ತು. ಮೇಷ್ಟ್ರು ಫೈಲಿನೊಳಗಿನ ನಕ್ಷೆ ಬಿಡಿಸಿ ಬೆರಳಿಟ್ಟರು. ಅಲ್ಲೊಂದು ಕಪ್ಪು ಚುಕ್ಕೆ, ಸುತ್ತ ಸಣ್ಣ ಸಣ್ಣ ಕಿರಣ. ನಕ್ಷೆಗಾರರಿಗೆ ಆ ದಿನ ನೆನಪಾಯಿತು. ಪಕ್ಕದ ಮೇಜಿನ ಹೆಡ್ ಕ್ಲಾರ್ಕು ನಶ್ಯದ ಡಬ್ಬಿ ತೆರೆದಿದ್ದರು. ಇವರ ಕೈಯಲ್ಲಿ ತುಂಬಿದ ಲೇಖನಿಯಿತ್ತು. ಸೀನು ಬಂದಿತ್ತು.

"ಲೈಟ್‌ಹೌಸ್ ಅಂತ ಕಟ್ತಾ ಇದೀವಿ," ಎಂದರು ಮೇಷ್ಟ್ರು. "ಕೆಲವರು ಅದು ಬಾವಿ ಅಂತಾರೆ. ಈಗ ನೀವೇ ಹೇಳ್ಬೇಕು."

ನಲವತ್ತು ಜೋಡಿ ಕಣ್ಣು ತಮ್ಮ ಮೇಲಿದ್ದವು. ಕೆಲವರ ಕೈಯಲ್ಲಿ ಕಲ್ಲುಗಳಿದ್ದವು. ಗೋಡೆಗೆ ತಂದವೇ ಆದರೂ ಬೇರೆ ಕೆಲಸಕ್ಕೂ ಬರುವ ಗಾತ್ರದವು.

"ಲೈಟ್‌ಹೌಸೇ," ಎಂದರು ನಕ್ಷೆಗಾರರು.

"ಎತ್ತರ ಎಷ್ಟು? ನಕ್ಷೇಲಿ ಇಲ್ಲ."

ಅವರು ಗೋಡೆ ನೋಡಿದರು. ಕಲ್ಲು ಹೊತ್ತವರ ಹೆಗಲು ನೋಡಿದರು. "ಹದಿನೈದೇ ಅಡಿ ಇರೋದು, ಮೇಷ್ಟ್ರೇ. ನೀವು ಸರಿಯಾಗಿ ಮುಗಿಸಿದೀರಿ."

ನಲವತ್ತು ಜನ ಒಟ್ಟಿಗೆ ನಿಟ್ಟುಸಿರಿಟ್ಟರು. ಕಲ್ಲುಗಳು ಕೆಳಗಿಳಿದವು. ಮೀನಿನ ಹೆಂಗಸು ಮೊದಲ ಸಲ ನಕ್ಕು, ಎರಡು ದೊಡ್ಡ ಮೀನು ಎಲೆಯಲ್ಲಿ ಸುತ್ತಿ ಕೊಟ್ಟಳು.

ಹಿಂದಿರುಗುವಾಗ ಗಾಡಿ ಮೂವತ್ತೈದರಲ್ಲಿ ಓಡಿತು. ಭಾವಮೈದುನ ಹೇಳಿದ್ದು ಸುಳ್ಳು; ಅದಕ್ಕೆ ಇಷ್ಟವಾಯಿತು. ನಕ್ಷೆಗಾರರು ಕಡಲಿನ ಪಕ್ಕ ಹಾಡಿಕೊಂಡು ಬಂದರು. ಇಳಿಬಿಸಿಲಿನಲ್ಲಿ ಮನೆ ತಲುಪಿದಾಗ ಬಾಗಿಲಲ್ಲಿ ಹೆಂಡತಿಯ ಜೊತೆ ಹೆಡ್ ಕ್ಲಾರ್ಕು ನಿಂತಿದ್ದರು. ಅವರ ಮನೆ ಪಕ್ಕದ ಬೀದಿಯಲ್ಲೇ. ಇನ್ನೊಬ್ಬರ ವಿಷಯವೆಂದರೆ ಬಿಸಿಲನ್ನೂ ಲೆಕ್ಕಿಸುವವರಲ್ಲ.

"ಎಲ್ಲಿ ಹೋಗಿದ್ರಿ? ಮಧ್ಯಾಹ್ನದಿಂದ ಕಾಯ್ತಿದೀನಿ," ಎಂದರು. "ಸಾಹೇಬರ ಪ್ರವಾಸ ಬದಲಾಯ್ತು. ನಲವತ್ತೆರಡನೇ ಹಾಳೆ ಕಡೆ ರಸ್ತೆಲಿ ಬರೀ ಮರಳಂತೆ, ಬೇಡ ಅಂದ್ರು. ನಾಳೆ ನಲವತ್ತಮೂರನೇ ಹಾಳೆ. ಅದನ್ನೂ ಬರೆದದ್ದು ನೀವೇ ಅಂತ ನಾನೇ ಹೇಳ್ದೆ. ನಿಮಗೂ ಜೀಪಲ್ಲಿ ಜಾಗ ಇಟ್ಟಿದಾರೆ."

ಹೇಳಿ, ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ಏರಿಸಿದರು.

ನಲವತ್ತಮೂರನೇ ಹಾಳೆ ಬರೆದದ್ದು ನಲವತ್ತೆರಡರ ಮುಂದಿನ ವಾರ. ಆ ವಾರ ಸೀನು ನಿಂತೇ ಇರಲಿಲ್ಲ. ನಕ್ಷೆಗಾರರು ಗಾಡಿಯ ಮೇಲೆ ಕೂತೇ ಇದ್ದರು. ಅಲ್ಲಿಂದಲೇ ಕೇಳಿದರು:

"ಆ ಕಡೆ ಜನ ಹೇಗೆ? ಕಷ್ಟಪಟ್ಟು ಕೆಲಸ ಮಾಡೋರಾ?"

"ಎಲ್ಲಿಯ ಕೆಲಸ," ಎಂದರು ಹೆಡ್ ಕ್ಲಾರ್ಕು. "ಶುದ್ಧ ಸೋಮಾರಿಗಳು. ಸರ್ಕಾರದ ಕಾಗದ ಬಂದ್ರೆ ಒಡೆದು ಓದೋದೂ ಇಲ್ವಂತೆ."