ನಮ್ಮನೆಯವರ ಬಾಣಂತನ

ಗಂಡಸರಿಗೆ ಬಾಣಂತನದ ಸುಖ ತೋರಿಸಬಾರದು. ಇದು ನನ್ನ ಅನುಭವದ ಮಾತು. ನಾವು ಹೆಂಗಸರು ಹೆತ್ತು, ನಿದ್ದೆಗೆಟ್ಟು ಗಳಿಸುವ ಆ ಪಟ್ಟವನ್ನು ಅವರು ಪುಕ್ಕಟೆ ಏರಿಬಿಟ್ಟರೆ ಮತ್ತೆ ಇಳಿಯುವ ಮಾತೇ ಎತ್ತುವುದಿಲ್ಲ. ನಮ್ಮನೆಯವರು ಏರಿದ್ದು ಎಪ್ಪತ್ತು ದಾಟಿದ ಮೇಲೆ, ಹರ್ನಿಯಾ ಆಪರೇಷನ್ನಿನ ನೆಪದಲ್ಲಿ.

ಬೈತಖೋಲದ ಬಂದರಿನಲ್ಲಿ ನೌಕರಿ ಮಾಡಿ ನಿವೃತ್ತರಾದ ಇವರಿಗೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಂಡಿತ್ತು. ಕೆಮ್ಮಿದರೆ ಹೊರಗೆ ಬರುವುದು, ಮಲಗಿದರೆ ಒಳಗೆ ಹೋಗುವುದು. ತಾನಾಗಿಯೇ ಬಂದದ್ದು ತಾನಾಗಿಯೇ ಹೋಗುತ್ತದೆಂದು ಬಹಳ ದಿನ ಲುಂಗಿಯ ಮರೆಯಲ್ಲಿ ಮುಚ್ಚಿಟ್ಟುಕೊಂಡಿದ್ದರು. ಕೊನೆಗೆ ದುರ್ಬೀನು ಹಾಕಿ ಮಾಡುವ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ಮೂರು ಸಣ್ಣ ತೂತು, ಒಳಗೊಂದು ಜಾಳಿ, ಅಷ್ಟೇ. "ನನ್ನ ಹೊಟ್ಟೆ ಒಳಗೆ ಬಲೆ ಬೀಸಿದಾರೆ" ಎಂದು ನೋಡಲು ಬಂದವರಿಗೆಲ್ಲ ಹೇಳಿಕೊಂಡರು. ಬಂದವರು ಆ ಮೂರು ಪಟ್ಟಿಗಳನ್ನು ನೋಡಿ "ಇಷ್ಟೇಯಾ?" ಎಂದಾಗ ಮಾತ್ರ ಇವರ ಮುಖ ಸಣ್ಣದಾಗುತ್ತಿತ್ತು.

ಮನೆಗೆ ಕಳಿಸುವಾಗ ಮೊಮ್ಮಗಳ ವಯಸ್ಸಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಳು. "ಅಜ್ಜಾ, ಇವತ್ತಿಂದ್ಲೇ ನಡೀಬೇಕು. ಭಾರ ಎತ್ಬೇಡಿ. ನೀರು, ಸೊಪ್ಪು, ಹಣ್ಣು ಚೆನ್ನಾಗಿ ತಗೊಳ್ಳಿ, ಸಂಡಾಸಿಗೆ ಕೂತು ತಿಣುಕೋ ಹಾಗಾಗಬಾರ್ದು. ಈ ವಯಸ್ಸಲ್ಲಿ ಮಲ್ಕೊಂಡೇ ಇದ್ರೆ ಎದೆಯಲ್ಲಿ ಕಫ ಕಟ್ತದೆ. ಕೆಮ್ಮಿ ಕೆಮ್ಮಿ ಆ ಜಾಳಿಗೇ ತ್ರಾಸು." ಇವರ ಕಿವಿಗೆ ಬಿದ್ದದ್ದು 'ಅಜ್ಜಾ' ಎಂಬ ಒಂದೇ ಶಬ್ದ. ದಾರಿಯುದ್ದಕ್ಕೂ ಅದಕ್ಕೇ ಗೊಣಗಿದರು.

ಮರುದಿನ ಅಂಕೋಲೆಯಿಂದ ಇವರ ಅಕ್ಕ ಬಸ್ಸಿಳಿದರು. ನಮ್ಮ ಕುಟುಂಬದ ಅಷ್ಟೂ ಬಾಣಂತಿಯರನ್ನು ಎತ್ತಿ ನಿಲ್ಲಿಸಿದ ಕೈ ಅವರದು. ತಮ್ಮನ ಹೊಟ್ಟೆಗೆ ಆಸ್ಪತ್ರೆಯವರು ಸುತ್ತಿದ್ದ ಬೆಲ್ಟನ್ನು ಕಂಡು ಬಹಳ ಸಂತೋಷಪಟ್ಟರು. "ಕಾಣು, ಡಾಕ್ಟ್ರಿಗೂ ಗೊತ್ತದೆ, ಹೊಟ್ಟೆ ಕಟ್ಟಿಯೇ ಕಳಿಸಿದಾರೆ. ಗಂಡಾದ್ರೆಂತ, ಹೆಣ್ಣಾದ್ರೆಂತ? ಕೊಯ್ದ ಮೇಲೆ ಹೊಟ್ಟೆ ಹೊಟ್ಟೆಯೇ." ಅಲ್ಲಿಂದ ಮುಂದೆ ಬಾಣಂತನವೇ. ಕಿವಿಗೆ ಹತ್ತಿ, ತಲೆಗೆ ಮಫ್ಲರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಕಾಳುಮೆಣಸಿನ ಸಾರು. ಸೊಪ್ಪು ಶೀತ, ಬಾಳೆಹಣ್ಣು ಶೀತ, ನೀರು ಗುಟುಕಿನ ಲೆಕ್ಕದಲ್ಲಿ. ನಡೆಯುವುದಂತೂ ಮಹಾಪಾಪ.

ಕಾನ್ವೆಂಟಿನಲ್ಲಿ ಓದಿದ ನನಗೆ ಹಿರಿಯರಿಗೆ ಎದುರಾಡಿ ಅಭ್ಯಾಸವಿಲ್ಲ. ಆದರೂ ಧೈರ್ಯಮಾಡಿ, "ಅತ್ತಿಗೆ, ಡಾಕ್ಟರು ನಡೀಬೇಕು ಅಂದಿದಾರೆ" ಎಂದೆ.

"ಆ ಹುಡುಗಿ ಎಷ್ಟು ಬಾಣಂತನ ಮಾಡ್ಸಿದ್ದು?" ಎಂದರು ಅತ್ತಿಗೆ.

ನಾನು ಇವರ ಮುಖ ನೋಡಿದೆ. ಮಫ್ಲರಿನೊಳಗಿಂದ ಇವರು, "ಅಕ್ಕ ಹೇಳಿದ ಮೇಲೆ ಎಂತ ಮಾಡೂಕಾಗ್ತದೆ?" ಎಂದು ನಿಟ್ಟುಸಿರಿಟ್ಟು ಇನ್ನೊಂದು ಬೆಳ್ಳುಳ್ಳಿ ಬಾಯಿಗೆ ಹಾಕಿಕೊಂಡರು. ನನ್ನ ಮೂರು ಬಾಣಂತನಗಳಲ್ಲಿಯೂ ನನ್ನ ಮುಖದ ಮೇಲೆ ಅಂಥ ತೃಪ್ತಿ ಇದ್ದಿರಲಿಕ್ಕಿಲ್ಲ.

ಆದರೆ ಒಂದು ಬೆಳಿಗ್ಗೆ ಇವರು ಕೆಮ್ಮಿದರು. ಚಿಕ್ಕದೊಂದು ಕೆಮ್ಮು. ಕೆಮ್ಮುತ್ತಲೇ ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡದ್ದನ್ನು, ತುಟಿ ಬಿಳಿಚಿದ್ದನ್ನು ನಾನು ನೋಡಿದೆ. ಸಂಡಾಸಿಗೆ ಹೋಗದೆ ಎರಡು ದಿನವಾಗಿತ್ತೆಂಬುದೂ ನನಗೆ ಗೊತ್ತಿತ್ತು. ಹಾಕಿದ ಜಾಳಿ ಬಿಟ್ಟುಕೊಂಡರೆ ಈ ವಯಸ್ಸಿನಲ್ಲಿ ಮತ್ತೆ ಅದೇ ಆಪರೇಷನ್ ಮೇಜು, ಅದೇ ಮತ್ತಿನ ಮದ್ದು. "ಏಳಿ, ಅಂಗಳದವರೆಗಾದರೂ ಬನ್ನಿ" ಎಂದು ಅಂಗಲಾಚಿದೆ. ಏಳಲಿಲ್ಲ.

ಅಂದೇ ಅತ್ತಿಗೆ, "ಬಾಣಂತಿಗೆ ನೊಗಲಿ ಮೀನು ಒಳ್ಳೇದು, ನಂಜಿಲ್ಲ. ಸುಲಭಾ, ನೀನೇ ಹೋಗಿ ತಕಂಬಾ" ಎಂದರು. ಮದುವೆಯಾದಂದಿನಿಂದ ನಮ್ಮಲ್ಲಿ ಮೀನು ತರುವವರು ಇವರೇ. ಬಂದರಿನಲ್ಲಿದ್ದವರು, ಆ ವಿದ್ಯೆಯಲ್ಲಿ ಪಂಡಿತರು. ನನಗೇನು ಕಣ್ಣಿಲ್ಲವೇ ಎಂದುಕೊಂಡು ಕೈಚೀಲ ಹಿಡಿದು ಮಾರ್ಕೆಟ್ಟಿಗೆ ನಡೆದೆ. ಉಳಿದ ಹೆಂಗಸರು ಮೀನಿನ ಕಿವಿರು ಎತ್ತಿ, ಬೆನ್ನು ಒತ್ತಿ, ಬೈದು, ಎದ್ದು ಹೋಗಿ, ಮರಳಿ ಬರುತ್ತಿದ್ದರು. ಬೇರೆಯವರ ವಸ್ತುವನ್ನು ಕೇಳದೆ ಮುಟ್ಟಬಾರದೆಂದು ಸಿಸ್ಟರ್ ಕಲಿಸಿದ್ದನ್ನು ನಾನಿನ್ನೂ ಮರೆತಿಲ್ಲ. ದೂರದಿಂದಲೇ ನೋಡಿ, ಅಳತೆಗೆ ಒಂದೇ ಸಮವಾಗಿದ್ದ, ಶಿಸ್ತಾಗಿ ಸಾಲಾಗಿ ಮಲಗಿದ್ದ ನೊಗಲಿಗಳನ್ನು ಆರಿಸಿದೆ. "ಬಾಯೀ, ಈಗಷ್ಟೇ ದೋಣಿಂದ ಇಳ್ದದ್ದು" ಎಂದಳು ಮಾರುವವಳು. "ಥ್ಯಾಂಕ್ಯೂ" ಎಂದೆ.

ಮನೆಗೆ ಬಂದು ಚೀಲ ಬಿಚ್ಚುವಷ್ಟರಲ್ಲಿ ಒಳಕೋಣೆಯಿಂದ ಧ್ವನಿ ಬಂತು. "ಏ, ಎಂತದು ತಂದದ್ದು? ಇತ್ಲಾಗೆ ತಾ, ಕಾಣ್ವಾ." ಹೆಮ್ಮೆಯಿಂದ ತಾಟಿನಲ್ಲಿಟ್ಟು ಒಯ್ದು ತೋರಿಸಿದೆ. ಇವರು ಮೀನನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಮೀನನ್ನು ನೋಡಿದರು.

"ಮಾರಾಯ್ತಿ, ಇದ್ರ ಕಣ್ಣಿಗೆ ಪೊರೆ ಬಂದದೆ! ನನಗಿಂತ ಮೊದ್ಲು ಇದಕ್ಕೆ ಆಪರೇಷನ್ ಆಗ್ಬೇಕಾಗಿತ್ತು!"

ಕಿವಿಯ ಹತ್ತಿ ಕಿತ್ತೆಸೆದರು. ಮಫ್ಲರು ಮಂಚದ ಮೇಲೆ ಬಿತ್ತು. "ತಮಾ, ಏಳ್ಬೇಡ" ಎಂದು ಅತ್ತಿಗೆ ಕೂಗುತ್ತಿದ್ದಂತೆಯೇ ಬೆಲ್ಟು ಸರಿಮಾಡಿಕೊಂಡು ಅಂಗಿ ಹಾಕಿ ಹೊರಟೇಬಿಟ್ಟರು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಬೀಸುತ್ತ, ನಿಧಾನವಾಗಿ ಮಾರ್ಕೆಟ್ಟಿನವರೆಗೂ ನಡೆದರು. ಭಾರ ಎತ್ತಬಾರದಲ್ಲ, ಚೀಲ ಹಿಡಿದು ಹಿಂದೆ ನಾನು. ಕಿವಿರು ಎತ್ತಿದ್ದೂ ಅವರೇ, ಜಗಳವಾಡಿದ್ದೂ ಅವರೇ. ಮರಳಿ ಬಂದು ಎರಡು ಚೊಂಬು ನೀರು ಕುಡಿದರು. ಮರುದಿನದಿಂದ ನನ್ನನ್ನು ಮೀನಿಗೆ ಕಳಿಸುವ ಅಪಾಯವೇ ಬೇಡವೆಂದು ಬೆಳಗಾಗುವುದರೊಳಗೆ ಎದ್ದು ನಿಲ್ಲತೊಡಗಿದರು. ಕಫ ಕರಗಿತು, ಹೊಟ್ಟೆ ಹಗುರಾಯಿತು.

ಮತ್ತೆ ತೋರಿಸಲು ಹೋದಾಗ ಡಾಕ್ಟರು, "ಜಾಳಿ ಚೆನ್ನಾಗಿ ಕೂತಿದೆ. ಅಜ್ಜನನ್ನು ನಡೆಸಿದ್ದು ಯಾರು?" ಎಂದಳು. ಇವರು ನನ್ನತ್ತ ಬೆರಳು ತೋರಿಸಿದರು. ಜೊತೆಗೆ ಬಂದಿದ್ದ ಅತ್ತಿಗೆಯೇ, "ಕಾನ್ವೆಂಟಲ್ಲಿ ಕಲ್ತವ್ಳ ಬುದ್ಧಿ ಕಾಣಿ! ಇವ ಏಳ್ಲಿ ಹೇಳಿ ಬೇಕಂತ್ಲೇ ಹಳೇ ಮೀನು ತಂದ್ಳು" ಎಂದು ನನ್ನ ಬೆನ್ನು ತಟ್ಟಿದರು. ನಾನು ಮುಗುಳ್ನಕ್ಕೆ. ಅಷ್ಟು ಜನರೆದುರು ಹಿರಿಯರ ಮಾತು ತಿದ್ದುವುದು ಸಭ್ಯತೆಯಲ್ಲ.

ಹೋದ ವಾರ ಅಂಕೋಲೆಯಿಂದ ಅತ್ತಿಗೆಯ ಫೋನು ಬಂತು. ಮಂಡಿ ಆಪರೇಷನ್ ಆದ ಅವರ ಗಂಡ, ನಮ್ಮ ಭಾವನವರು, ಹಾಸಿಗೆ ಬಿಡುತ್ತಿಲ್ಲವಂತೆ. "ಸುಲಭಾ, ಒಂದ್ಸಲ ಬಂದು ಮೀನು ತಂದುಕೊಟ್ಟು ಹೋಗೇ." ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದೆ. ನಾನೂ ಕಲಿತವಳೆಂದು ತೋರಿಸಿಯೇ ಬಿಡೋಣವೆಂದು ಅಂಕೋಲೆಯ ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ, ಕಣ್ಣು ನೋಡಿ, ಬೆನ್ನು ಒತ್ತಿ, ಅತ್ಯಂತ ತಾಜಾ ಬಂಗಡೆಗಳನ್ನೇ ಆರಿಸಿ ತಂದೆ.

ಭಾವನವರು ತಾಟನ್ನೊಮ್ಮೆ ನೋಡಿ, "ಮೀನಿನ ಚೀಲ ಎಲ್ಲದೆ?" ಎಂದು ಕೋಲು ಹಿಡಿದು ಎದ್ದು ನಿಂತರು.