ಲಿಫ್ಟಕ್ಕನ ಕೇಸು ಯಾವ ಕೋರ್ಟಿಗೆ ಸೇರಿದ್ದು?

ಕುರ್ಚಿ ಕೇಳಿದ ನೌಕರರನ್ನು ಕೆಲಸದಿಂದ ತೆಗೆಯುವುದು ನಮ್ಮ ಊರಿನ ವಿಮಾ ಕಂಪನಿಯ ಶಿಸ್ತಿನ ನಿಯಮ. ಆ ಪ್ರಕಾರ, ಕಂಪನಿಯ ಹಳೆಯ ಲಿಫ್ಟನ್ನು ನಡೆಸುತ್ತಿದ್ದ, ಎಲ್ಲರೂ ಲಿಫ್ಟಕ್ಕ ಎಂದು ಕರೆಯುತ್ತಿದ್ದ ಹೆಂಗಸನ್ನು ವಜಾ ಮಾಡಲಾಯಿತು. ಇಷ್ಟು ವರ್ಷ ನಿಂತೇ ಇದ್ದವಳಿಗೆ ಈಗ ಕೂರುವ ಹಂಬಲ ಹುಟ್ಟಿರುವುದು ಸಂಶಯಾಸ್ಪದ ಎಂದು ಆದೇಶದಲ್ಲಿ ಬರೆದಿತ್ತು.

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಅತ್ತಿಗೆ, ಸುಮ್ನೆ ಬಿಡ್ಬೇಡಿ. ಕೋರ್ಟ್ ಮೆಟ್ಟಿಲು ಹತ್ತಿ" ಅಂದಳು ಕೆಲಸ ಹುಡುಕುತ್ತಿದ್ದ ನಾದಿನಿ.

"ನಂಗೆ ಮೆಟ್ಟಿಲು ಹತ್ತಿ ಅಭ್ಯಾಸ ಇಲ್ವಲ್ಲೇ!" ಅಂದಳು ಲಿಫ್ಟಕ್ಕ. ಆದರೂ ಹತ್ತಿದಳು.

ಕರಾರಿನಲ್ಲಿ ಸ್ಪಷ್ಟವಾಗಿತ್ತು: "ತಕರಾರು ಬಂದಲ್ಲಿ, ಕೆಲಸ ನಡೆದ ಸ್ಥಳದ ನ್ಯಾಯಾಲಯವೇ ವಿಚಾರಿಸತಕ್ಕದ್ದು." ಆದರೆ ಕಂಪನಿಯ ಕಟ್ಟಡ ದಿಬ್ಬಕ್ಕೆ ಒರಗಿ ನಿಂತಿದೆ. ನೆಲಮಹಡಿಯ ಬಾಗಿಲು ಕೆಳಬೀದಿಗೆ, ಆರನೇ ಮಹಡಿಯ ಬಾಗಿಲು ಮೇಲ್ಬೀದಿಗೆ. ಮೂರನೇ ಮಹಡಿಯವರೆಗೆ ಕೆಳಬೀದಿ ಕೋರ್ಟಿನ ವ್ಯಾಪ್ತಿ, ಅಲ್ಲಿಂದಾಚೆ ಮೇಲ್ಬೀದಿ ಕೋರ್ಟಿನದು.

"ನೀವು ಕೆಲಸ ಮಾಡಿದ್ದು ಯಾವ ಮಹಡೀಲಮ್ಮ?" ಎಂದ ಕೆಳಬೀದಿ ಕೋರ್ಟಿನ ಗುಮಾಸ್ತ.

"ಎಲ್ಲಾದ್ರಲ್ಲೂ."

"ಎಲ್ಲೂ ಇಲ್ಲ ಅನ್ನಿ. ಲಿಫ್ಟು ಮಹಡೀಲಿ ನಿಂತಾಗ ಕೆಲಸಾನೂ ನಿಂತಿರುತ್ತೆ. ಕೆಲಸ ನಡೆಯೋದು ಮಹಡಿ ಬಿಟ್ಟ ಮೇಲೆ. ಆಗ ನೀವು ಯಾರ ವ್ಯಾಪ್ತೀಲೂ ಇಲ್ಲ."

ಮೇಲ್ಬೀದಿ ಗುಮಾಸ್ತ ಇನ್ನೂ ಆಳಕ್ಕಿಳಿದ. "ಕೆಲಸ 'ನಡೆದ' ಸ್ಥಳ ಅಂತಿದೆ. ಲಿಫ್ಟು ನಡೆಯುತ್ತೇನ್ರೀ? ಏರುತ್ತೆ, ಇಳಿಯುತ್ತೆ. ನಡೆದಿದ್ದಕ್ಕೆ ರುಜುವಾತು ತನ್ನಿ."

ಕಾರ್ಮಿಕ ನ್ಯಾಯಾಲಯವಂತೂ ಅವಳನ್ನು ಕಾರ್ಮಿಕಳೆಂದೇ ಒಪ್ಪಲಿಲ್ಲ. ಕುರ್ಚಿಯ ಆಸೆ ಇರುವವರು ಅಧಿಕಾರಿ ವರ್ಗಕ್ಕೆ ಸೇರಿದವರು ಎಂದಿತು.

"ಹಾಗಾದ್ರೆ ಲಿಫ್ಟಿಗೇ ಬಂದು ನ್ಯಾಯ ಹೇಳ್ರಪ್ಪ!" ಎಂದು ಲಿಫ್ಟಕ್ಕ ಕೂಗಿದಳು. ಕೂಗನ್ನು ಅರ್ಜಿಯೆಂದು ದಾಖಲಿಸಿಕೊಂಡು ಅಂಗೀಕರಿಸಲಾಯಿತು.

ನಿಗದಿತ ದಿನ ಎರಡೂ ಕೋರ್ಟಿನ ನ್ಯಾಯಾಧೀಶರು ಲಿಫ್ಟಿನೊಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಮ್ಯಾನೇಜರ್ ಮೂಲೆಗೆ ಒತ್ತಿಕೊಂಡು ನಿಂತ. ಆ ಲಿಫ್ಟಿನ ಹಿಡಿ ತಿರುಗಿಸಲು ಲಿಫ್ಟಕ್ಕನೊಬ್ಬಳಿಗೇ ಬರುತ್ತಿದ್ದುದರಿಂದ, ನ್ಯಾಯದ ಹಿತದೃಷ್ಟಿಯಿಂದ ಅವಳೇ ನಡೆಸತಕ್ಕದ್ದೆಂದು ಆಜ್ಞೆಯಾಯಿತು. ಕಂಪನಿಯ ಜನವೂ ಸಂದಿಯಲ್ಲಿ ತೂರಿಕೊಂಡು ಎಂದಿನಂತೆ ಹತ್ತಿ ಇಳಿದರು.

ಕೆಳಬೀದಿ ನ್ಯಾಯಾಧೀಶರು ತೀರ್ಪು ಶುರುಮಾಡಿದರು: "ಅರ್ಜಿದಾರಳನ್ನು ಈ ಕ್ಷಣವೇ ಕೆಲಸಕ್ಕೆ ತೆಗೆದುಕೊಳ್ಳ..."

ಲಿಫ್ಟು ಮೂರನೇ ಮಹಡಿ ದಾಟಿತು.

"...ತಕ್ಕದ್ದಲ್ಲ" ಎಂದು ಮೇಲ್ಬೀದಿಯವರು ಮುಗಿಸಿದರು.

ಮ್ಯಾನೇಜರ್ ಚಪ್ಪಾಳೆ ತಟ್ಟಿದ. ಲಿಫ್ಟಕ್ಕ ತುಟಿ ಕಚ್ಚಿಕೊಂಡು ಹಿಡಿಯನ್ನು ಇಳಿಕೆಗೆ ತಿರುಗಿಸಿದಳು.

"ಕಂಪನಿಯ ವಜಾ ಆದೇಶವನ್ನು ಈ ನ್ಯಾಯಾಲಯ ಎತ್ತಿ..." ಎಂದರು ಮೇಲ್ಬೀದಿಯವರು.

"...ಎಸೆಯುತ್ತದೆ" ಎಂದರು ಕೆಳಬೀದಿಯವರು.

"ಸ್ವಾಮಿ, ಕೆಳಗೇ ನಿಲ್ಲಿಸ್ಲಾ?" ಲಿಫ್ಟಕ್ಕ ಆಸೆಯಿಂದ ಕೇಳಿದಳು.

"ನಿಲ್ಲಿಸಿದ್ರೆ ಕೆಲಸ ನಡೆಯಲ್ಲ. ಕೆಲಸ ನಡೀದಿದ್ರೆ ನಮಗೆ ವ್ಯಾಪ್ತಿ ಇಲ್ಲ. ನಡೆಸಮ್ಮ, ನಡೆಸು" ಎಂದರು ಇಬ್ಬರೂ.

ಹೀಗೆ ಅವಳು ಇಳಿಯುವಾಗ ನೌಕರಳು, ಏರುವಾಗ ನಿರುದ್ಯೋಗಿ. ಸಂಜೆ ಸಂಬಳ ಕೇಳಿದಳು. ಕೇಸು ಮುಗಿಯುವ ಮೊದಲು ಪ್ರತಿವಾದಿಯಿಂದ ಹಣ ಪಡೆಯುವುದು ಲಂಚವಾಗುತ್ತದೆ ಎಂದು ಎರಡೂ ನ್ಯಾಯಾಲಯಗಳು ಒಂದೇ ದನಿಯಲ್ಲಿ ಎಚ್ಚರಿಸಿದವು. ಮರುದಿನವೂ ವಿಚಾರಣೆ. ಬರದಿದ್ದರೆ ಕೇಸು ವಜಾ.

ಅವಳು ಬಂದಳು. ಇಂದಿಗೂ ಬರುತ್ತಿದ್ದಾಳೆ, ಯಾವುದಾದರೂ ಒಂದು ವಾಕ್ಯ ಸರಿಯಾದ ಮಹಡಿಯಲ್ಲಿ ಮುಗಿದೀತು ಎಂದು.

ಲಿಫ್ಟು ಓಡುತ್ತಿತ್ತು, ಸಂಬಳ ಉಳಿಯುತ್ತಿತ್ತು. ಮ್ಯಾನೇಜರಿಗೆ ನ್ಯಾಯಾಂಗದ ಮೇಲೆ ಅಪಾರ ಗೌರವ ಹುಟ್ಟಿತು. ಕಸ ಗುಡಿಸುವವರು, ಕಾವಲುಗಾರರು, ಲೆಕ್ಕ ಬರೆಯುವವರು ಎಲ್ಲರನ್ನೂ ವಜಾ ಮಾಡಿ, ಕೋರ್ಟಿಗೆ ಹೋಗುವ ದಾರಿಯನ್ನು ಅವನೇ ವಿನಯದಿಂದ ತೋರಿಸಿದ. ಅವರೂ ವಿಚಾರಣೆಗೆಂದು ದಿನವೂ ಬಂದು ಬಿಟ್ಟಿ ದುಡಿಯತೊಡಗಿದರು. ಆಮೇಲೆ ಎರಡೂ ಬೀದಿಯ ಬಾಗಿಲಿಗೆ ಪ್ರಕಟಣೆ ಅಂಟಿತು:

"ಅರ್ಜಿದಾರರು ಬೇಕಾಗಿದ್ದಾರೆ. ಅನುಭವಿಗಳಿಗೆ ಆದ್ಯತೆ. ಆಯ್ಕೆಯಾದವರನ್ನು ತಕ್ಷಣ ವಜಾ ಮಾಡಲಾಗುವುದು. ವಕೀಲರನ್ನು ತಾವೇ ತರತಕ್ಕದ್ದು."

ಬೆಳಗಾಗುವಷ್ಟರಲ್ಲಿ ಸಾಲು ಬೀದಿಯ ತಿರುವು ದಾಟಿತ್ತು. ನಾದಿನಿ ಸಾಲು ತಪ್ಪಿಸಿ ಲಿಫ್ಟಿನ ಬಾಗಿಲಿಗೇ ಬಂದಳು.

"ಅತ್ತಿಗೆ, ಮ್ಯಾನೇಜರ್ ನಿಮಗೆ ಪರಿಚಯ ಅಲ್ವಾ? ಒಂದು ಮಾತು ಹೇಳಿ, ನನ್ನನ್ನೂ ಕೆಲಸದಿಂದ ತೆಗೆಸಿ!"

"ಹೇಳ್ತೀನಿ ಕಣೇ," ಅಂದಳು ಲಿಫ್ಟಕ್ಕ, "ಆದ್ರೆ ನನ್ನ ಮಾತು ಸಾಲದು, ಈಗ ವಜಾ ಆಗೋಕೂ ದೊಡ್ಡೋರ ಶಿಫಾರಸು ಬೇಕಂತೆ."